ಹಳ್ಳದ ಹೊಲದ ಡಬಗಳ್ಳಿ

ಕರಜಗಿಯ ಕಳ್ಳಿಮನಿ ಅಕ್ಕನಾಗಮ್ಮನ ಮುತ್ತಜ್ಜ ಕಾಮಣ್ಣ. ದರೋಡೆಕೋರರು ಕುದುರೆ ಏರಿ ಬಂದು ಕಣದಲ್ಲಿನ ರಾಶಿಯನ್ನೇ ಹೊತ್ತೊಯ್ಯುತ್ತಿದ್ದ ಕಾಲದಲ್ಲಿ, ಎಲ್ಲಿಯದೋ ಹಾಳುಬಿದ್ದ ಕೋಟೆಯ ಕಂದಕದಿಂದ ಡಬಗಳ್ಳಿಯ, ಅಂದರೆ ಪಾಪಾಸುಕಳ್ಳಿಯ ಎಲೆಗಳನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದು ತನ್ನ ಹಳ್ಳದ ಹೊಲದ ಸುತ್ತ ಬೇಲಿ ನೆಟ್ಟವನು ಅವನು. ಕುದುರೆಗಳ ಹೊಟ್ಟೆಗೆ ಮುಳ್ಳು ನೆಟ್ಟು ಕಳ್ಳರು ಹಿಂದಕ್ಕೆ ತಿರುಗಿದರಂತೆ. ಅಂದಿನಿಂದ ಆ ಮನೆತನಕ್ಕೆ ಕಳ್ಳಿಮನಿ ಎಂಬ ಹೆಸರು ಬಿತ್ತು. ಕಾಮಣ್ಣನ ಮಗ ಸಿದ್ರಾಮಪ್ಪ ಬರದ ವರ್ಷ ಅದೇ ಕಳ್ಳಿಯ ಮುಳ್ಳನ್ನು ಉರಿಯಲ್ಲಿ ಸುಟ್ಟು, ಎಲೆ ಕೊಚ್ಚಿ, ಹತ್ತಿಕಾಳಿನ ಜೊತೆ ಕಲಸಿ ತನ್ನ ಎತ್ತುಗಳನ್ನೂ ಊರ ಎತ್ತುಗಳನ್ನೂ ಬದುಕಿಸಿದ. ಸಿದ್ರಾಮಪ್ಪನ ಹಿರಿಮಗ ರೇವಣಪ್ಪ, ಅಂದರೆ ಅಕ್ಕನಾಗಮ್ಮನ ಅಪ್ಪ, ಅಂಥದ್ದೇನೂ ಮಾಡಲಿಲ್ಲ. ಬೇಲಿ ಒಳಕ್ಕೆ ಚಾಚಿದರೆ ಕೊಡಲಿಯಿಂದ ಕಡಿಯುತ್ತಿದ್ದ, ಕಡಿದದ್ದನ್ನು ಕವೆಗೋಲಿನಿಂದ ಎತ್ತಿ ಆಚೆ ಎಸೆಯುತ್ತಿದ್ದ. ಆಚೆ ಎಂದರೆ ತಮ್ಮನ ಹೊಲ. ತಮ್ಮನೂ ಅದನ್ನೇ ಮಾಡುತ್ತಿದ್ದ. ಅವನ ಆಚೆ ಎಂದರೆ ರೇವಣಪ್ಪನ ಹೊಲ.

ಕರಜಗಿಯಲ್ಲಿ ಆಗ ಎಲ್ಲರೂ ಹೀಗೆಯೇ. ತನ್ನ ಹೊಲದ ಕಳ್ಳಿ ಕಡಿದು ನೆರೆಯವನ ಬದುವಿನ ಮೇಲೆ ಒಗೆದರೆ ಕೆಲಸ ಮುಗಿಯಿತು ಎಂದು ತಿಳಿದ ಜನ. ಡಬಗಳ್ಳಿಗೆ ಬೇರು ಬೇಡ, ಬೀಜ ಬೇಡ. ಅಂಗೈಯಗಲದ ಒಂದು ಎಲೆ ಮಣ್ಣಿಗೆ ಮುಖ ಹಚ್ಚಿ ಬಿದ್ದರೆ ಸಾಕು, ಮುಂದಿನ ಮಳೆಗೆ ಅದರ ಬೆನ್ನ ಮೇಲೆ ಕಿವಿಯಂತೆ ಮತ್ತೊಂದು ಎಲೆ, ಅದರ ಮೇಲೆ ಇನ್ನೊಂದು. ಹಳ್ಳಕ್ಕೆ ಎಸೆದದ್ದು ಹೊಳೆಯವರೆಗೆ ತೇಲಿ ಹೋಗಿ ದಂಡೆ ಹಿಡಿಯಿತು. ಹಕ್ಕಿಗಳು ಕೆಂಪು ಹಣ್ಣು ತಿಂದು ಎಲ್ಲೆಂದರಲ್ಲಿ ಹೇತವು. ಹೀಗೆ ಸಾವಿರದ ಒಂಬೈನೂರ ಇಪ್ಪತ್ತಾರರ ಹೊತ್ತಿಗೆ ಕಳ್ಳಿ ಊರ ಸುತ್ತ, ಹಳ್ಳದ ಎರಡೂ ಮಗ್ಗುಲಿಗೆ, ಆಳೆತ್ತರಕ್ಕೆ ಹಬ್ಬಿಬಿಟ್ಟಿತ್ತು. ಹಬ್ಬಿದ್ದು ಬರೀ ಕಳ್ಳಿಯಾಗಿದ್ದರೆ ತಡೆದುಕೊಳ್ಳಬಹುದಿತ್ತು. ಮರೆ ಸಿಕ್ಕಿತೆಂದು ಇಡೀ ಊರು ಚೊಂಬು ಹಿಡಿದು ಅದರ ಸಂದಿಗೇ ಹೋಗತೊಡಗಿತ್ತು. ಗಂಡಸರಿಗೆ ಒಂದು ಮಗ್ಗುಲು, ಹೆಂಗಸರಿಗೆ ಒಂದು ಮಗ್ಗುಲು. ಹಂದಿಗಳು ಬೊಜ್ಜು ಬಂದು ನಡೆಯಲಾರದೆ ನಡೆಯುತ್ತಿದ್ದವು. ಮಧ್ಯಾಹ್ನ ಗಾಳಿ ತಿರುಗಿದರೆ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಒಂದೇ ಕೈಯಲ್ಲಿ ತಟ್ಟಬೇಕು. ನೊಣಗಳಂತೂ ಜೋಳದ ಕಾಳಿನಂತೆ ದಪ್ಪ.

ರೇವಣಪ್ಪ ಇನ್‌ಫ್ಲುಯೆಂಜಾ ಬಂದ ವರ್ಷ ಸತ್ತಿದ್ದ. ಲಿಂಗವಂತರ ಪದ್ಧತಿಯಂತೆ ಅವನನ್ನು ಹಳ್ಳದ ಹೊಲದಲ್ಲೇ, ಬೇವಿನ ಮರದ ಬುಡದಲ್ಲಿ, ಕುಳಿತ ಭಂಗಿಯಲ್ಲೇ ಕೂಡಿಸಿ ಮಣ್ಣು ಕೊಟ್ಟು ಮೇಲೊಂದು ಕಲ್ಲಿನ ಕಟ್ಟೆ ಕಟ್ಟಿದ್ದರು. ಗಂಡುಮಕ್ಕಳಿಲ್ಲದ ಮನೆ. ಅಕ್ಕನಾಗಮ್ಮ ಒಬ್ಬಳೇ ಮಗಳು, ಅವಳ ಗಂಡ ಭೀಮಣ್ಣ ಮನೆಅಳಿಯ. ಎಡಗಡೆಯ ಹೊಲ ಆಗಲೇ ಚಿಕ್ಕಪ್ಪನ ಮಗ ಶಾಂತಲಿಂಗಪ್ಪನ ಕೈಗೆ ಬಂದಿತ್ತು. ಒಂದೆರಡು ವರ್ಷ ಊರಲ್ಲಿ ಸಾವೇ ಸಾವು, ದುಡಿಯುವ ಕೈಗಳಿಲ್ಲದೆ ಹಳ್ಳದ ಹೊಲ ಬೀಳುಬಿದ್ದಿತು. ಅಷ್ಟರಲ್ಲೇ ಬೇಲಿ ನಾಲ್ಕೂ ಕಡೆಯಿಂದ ಒಳಕ್ಕೆ ನಡೆದು ಬಂದು ಬೇವಿನ ಮರವನ್ನು ಸೊಂಟದವರೆಗೆ ನುಂಗಿತ್ತು.

ಅಕ್ಕನಾಗಮ್ಮನ ತಾಯಿ ಸೋನಾಬಾಯಿಗೆ ಇದ್ದದ್ದು ಒಂದೇ ಹಟ. ತಾನು ಸತ್ತರೆ ಗಂಡನ ಮಗ್ಗುಲಲ್ಲೇ ಕೂಡಿಸಬೇಕು. ಬೇರೆ ಹೊಲ ಇಲ್ಲವೇ, ಎಂದು ಯಾರಾದರೂ ಕೇಳಿದರೆ, ಬೇರೆ ಗಂಡ ಇದ್ದರೆ ಹೇಳಿರಿ, ಅಲ್ಲಿಗೆ ಹೋಗುತ್ತೇನೆ, ಎನ್ನುತ್ತಿದ್ದಳು. ಕಣ್ಣಲ್ಲಿ ಪೊರೆ ಬಂದು ಅಂಗಳದಾಚೆ ಏನೂ ಕಾಣದಿದ್ದರೂ, ಮಗಳು ಹೊಲದಿಂದ ಬಂದ ಕೂಡಲೆ ಕೇಳುತ್ತಿದ್ದದ್ದು ಒಂದೇ ಮಾತು. “ದಾರಿ ಆತೇನವಾ?”

“ಆಗ್ತದ ಬಿಡಬೇ. ನೀ ಏನ ಅವಸರ ಮಾಡಬ್ಯಾಡ.”

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ಆ ಸೀಮೆಯ ಪದ್ಧತಿ. ಭಜ್ಜಿ, ಕಡುಬು, ಸಜ್ಜೆರೊಟ್ಟಿ ಎಲ್ಲವನ್ನೂ ಒಂದಿಷ್ಟು ಕಲಸಿ, ಭೂಮಿತಾಯಿಗೂ ಮಣ್ಣಲ್ಲಿರುವ ಹಿರಿಯರಿಗೂ ಎಂದು ಹೊಲದ ತುಂಬ ಎರಚುತ್ತಾರೆ. ಆ ವರ್ಷ ಸೋನಾಬಾಯಿಯನ್ನು ಚಕ್ಕಡಿಯಲ್ಲಿ ಕೂಡಿಸಿಕೊಂಡು ಹೋದರೆ, ಸಮಾಧಿಯ ಕಡೆಗೆ ಹೆಜ್ಜೆ ಇಡುವಷ್ಟು ಸಂದಿಲ್ಲ. ಮುದುಕಿ ಕಳ್ಳಿಯ ಗೋಡೆಯ ಮುಂದೆ ನಿಂತು, ಬುಟ್ಟಿಗೆ ಕೈ ಹಾಕಿ, ಗಂಡನ ಹೆಸರು ನೆನೆದು ಚರಗವನ್ನು ಮೇಲಿನಿಂದ ಒಳಕ್ಕೆ ಬೀಸಿ ಎಸೆದಳು. ಕಡುಬು ಬಿದ್ದ ಜಾಗದಿಂದ ಒಂದು ಕೆಮ್ಮು ಕೇಳಿತು.

ಆ ಕೆಮ್ಮು ಊರಿಗೆಲ್ಲ ಗೊತ್ತಿದ್ದದ್ದೇ. ಮರೆಯಲ್ಲಿ ಕುಳಿತವನಿಗೆ ಹೆಜ್ಜೆಯ ಸಪ್ಪಳ ಕೇಳಿದರೆ, ಇಲ್ಲಿ ಮಂದಿ ಇದ್ದಾರೆ, ಬರಬೇಡಿ, ಎಂದು ಕೆಮ್ಮುವುದು ರೂಢಿ. ಸೋನಾಬಾಯಿಗೆ ಕಣ್ಣು ಹೋಗಿತ್ತೇ ಹೊರತು ಕಿವಿ ಹೋಗಿರಲಿಲ್ಲ. ಬುಟ್ಟಿಯನ್ನು ಅಲ್ಲೇ ಬೋರಲು ಹಾಕಿದಳು. ಮನೆಗೆ ಬಂದು ಉಣ್ಣಲಿಲ್ಲ. ಅಕ್ಕನಾಗಮ್ಮ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡಳು. ಅಪ್ಪನ ಪಾಲಿನ ಕಡುಬು ಎಲ್ಲಿ ಬಿದ್ದಿರಬಹುದು ಎಂಬುದು ನೆನಪಾದಾಗಲೆಲ್ಲ ಆ ವಾರವಿಡೀ ಅವಳು ಎತ್ತಿದ ತುತ್ತನ್ನು ತಾಟಿಗೇ ಹಾಕುತ್ತಿದ್ದಳು.

ಮೃಗಶಿರ ಮಳೆ ಬೀಳುತ್ತಲೇ ಹದಿನಾರು ಆಳು ಹಚ್ಚಿ ಕಡಿಸಿದಳು. ಮಣ್ಣು ಮೆತ್ತಗಿರುತ್ತದೆ, ಬುಡ ಸಲೀಸಾಗಿ ಕಿತ್ತುಬರುತ್ತದೆ ಎಂದು ಅವಳ ಲೆಕ್ಕ. ಅದೇ ತಪ್ಪಾಯಿತು. ಕಡಿದ ಎಲೆಯನ್ನು ಬದುವಿಗೆ ಒಟ್ಟಿದರು. ಮಳೆ ಹಿಡಿಯಿತು, ಒಟ್ಟಿಲು ಕೊಳೆಯುವ ಬದಲು ಚಿಗಿಯಿತು. ಶ್ರಾವಣ ಕಳೆಯುವಷ್ಟರಲ್ಲಿ ಕಡಿದ ಜಾಗವೂ ತುಂಬಿ, ಒಟ್ಟಿದ ಜಾಗವೂ ಗುಡ್ಡದಂತೆ ಎದ್ದು ನಿಂತಿತ್ತು. ಬಾವಿಕಟ್ಟೆಯಲ್ಲಿ ನೀಲಾಬಾಯಿ ಎಂಬ ನೆರೆಯವಳು, ಅಕ್ಕನಾಗಮ್ಮಗ ಕೈಗುಣ ಭಾಳ ಚಲೋ ಅದ, ನಮ್ಮ ಮನಿ ಬದನಿ ಅಗಿನೂ ಆಕೀ ಕೈಲೆ ಹಚ್ಚಸೂಣು, ಎಂದಳಂತೆ. ಹೆಂಗಸರೆಲ್ಲ ಕೊಡ ಇಳಿಸಿ ನಕ್ಕರು.

ನಗುವಿನ ಹಿಂದೆ ಒಂದು ಅಂಜಿಕೆಯೂ ಇತ್ತು. ನೀಲಾಬಾಯಿಯೇ ಒಂದು ದಿನ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತು ಬಾಯಿಬಿಟ್ಟಳು. “ಅಕ್ಕಾ, ನೀ ಅದನ್ನ ತೆಗದ ಒಗದ್ರ ನಾವೆಲ್ಲಿ ಹೋಗಬೇಕ? ಗಂಡಸರು ಮಾರಿ ತಿರುವಿ ಎಲ್ಲಿ ಬೇಕಾದಲ್ಲಿ ಕುಂದರ್ತಾರ. ನಮಗ ಮರೆ ಬೇಕಲ?”

ಅಕ್ಕನಾಗಮ್ಮನೂ ಬೆಳಗಾದರೆ ಹೋಗುತ್ತಿದ್ದದ್ದು ಕಳ್ಳಿಯ ಮರೆಗೇ, ಊರ ಆಚೆ ಮಗ್ಗುಲಿನ ಬೇರೆ ಯಾರದೋ ಹೊಲಕ್ಕೆ. ಅಲ್ಲಿ ಮಣ್ಣಿನೊಳಗೆ ಯಾರ ಅಪ್ಪ ಕುಳಿತಿದ್ದಾನೋ, ಯಾರ ಅಜ್ಜಿ ಕುಳಿತಿದ್ದಾಳೋ, ಒಂದು ದಿನವೂ ಕೇಳಿದವಳಲ್ಲ. ಅವತ್ತಿನಿಂದ ಅವಳಿಗೆ ಊರಿನ ಮೇಲೆ ಮಾತ್ರವಲ್ಲ, ತನ್ನ ಮೇಲೂ ಹೇಸಿಕೆ ಬಂತು. ಹೇಸಿಕೆ ಬಂದರೂ ಮರುದಿನ ಬೆಳಿಗ್ಗೆ ಮತ್ತೆ ಚೊಂಬು ಹಿಡಿಯಲೇಬೇಕಲ್ಲ.

ಶಾಂತಲಿಂಗಪ್ಪ ಮಾತ್ರ ಬಹಳ ಮೆದುವಾಗಿ ಮಾತಾಡುವ ಮನುಷ್ಯ. ಹಣೆ ತುಂಬ ವಿಭೂತಿ, ಬಾಯಿ ತೆರೆದರೆ ತಂಗೀ ತಂಗೀ. ನಿಮ್ಮ ಕಡೆಯಿಂದ ಸಮಾಧಿಗೆ ಹೋಗಲು ಸಂದು ಏನಾದರೂ ಇದೆಯೇ, ಅವ್ವನನ್ನು ಒಮ್ಮೆ ಕರೆದೊಯ್ಯಬೇಕು, ಎಂದು ಅಕ್ಕನಾಗಮ್ಮ ಎರಡು ಮೂರು ಸಲ ಕೇಳಿದ್ದಳು. ಅವನು ಎದೆಯ ಮೇಲಿನ ಲಿಂಗವನ್ನು ಮುಟ್ಟಿ, ಎಲ್ಲಿಯ ಸಂದು ತಂಗೀ, ಹಾವು ಸಹ ನುಸುಳುವುದಿಲ್ಲ, ದೊಡ್ಡಪ್ಪನ ಸಮಾಧಿಗೆ ಒಂದು ಬಿಲ್ವಪತ್ರೆ ಏರಿಸಲಾಗದಲ್ಲ ಎಂದು ನನಗೂ ಹೊಟ್ಟೆಯಲ್ಲಿ ಸಂಕಟ, ಎಂದಿದ್ದ.

ಭೀಮಣ್ಣನಿಗೆ ಈ ಹೆಣಗಾಟ ಬೇಸರವಾಯಿತು. ಕಳ್ಳಿಯ ಜೊತೆ ಜಗಳಾಡಿ ಗೆದ್ದವರಿಲ್ಲ ಎಂದು ಹೇಳಿ ಸೊಲ್ಲಾಪುರಕ್ಕೆ ಹೋಗಿ ಗಿರಣಿಯಲ್ಲಿ ಮಗ್ಗದ ಕೆಲಸಕ್ಕೆ ಸೇರಿಕೊಂಡ. ವರ್ಷ ಕಳೆದರೂ ಸುಗ್ಗಿಗೆ ಸಹ ಬರಲಿಲ್ಲ. ಅಕ್ಕನಾಗಮ್ಮ ಅಕ್ಕಲಕೋಟ ರೋಡ್ ಸ್ಟೇಶನ್ನಿನಲ್ಲಿ ಗಾಡಿ ಹತ್ತಿ ಅವನನ್ನು ಕರೆತರಲು ಹೋದಳು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಸಿದ್ಧರಾಮೇಶ್ವರನ ಗುಡಿಗೆ ಬಂದಾಗ ನೋಡಿದ್ದ ಊರು ಅದಾಗಿರಲಿಲ್ಲ. ಗಿರಣಿಯ ಹೊಗೆಕೊಳವೆಗಳ ಬುಡದಲ್ಲಿ ಚಾಳಿನ ಬೆನ್ನಿಗೆ ಚಾಳು, ಅದರ ಬೆನ್ನಿಗೆ ತಗಡಿನ ಗುಡಿಸಲು, ಹೊಲ ಬಾವಿ ಎನ್ನದೆ ಎಲ್ಲವನ್ನೂ ನುಂಗಿಕೊಂಡು ಹಬ್ಬಿದ್ದವು. ಗಿರಣಿಯ ಸೈರನ್ ಭೋಂಗಾ ಕೂಗಿದರೆ ಜನ ಇರುವೆಗೂಡು ಒಡೆದಂತೆ ಹೊರಬೀಳುತ್ತಿದ್ದರು. ಗೋಡೆಗೆಲ್ಲ ಎಲೆಅಡಿಕೆಯ ಉಗುಳು. ಒಂದೇ ನಳ, ಅದರ ಮುಂದೆ ಬೈದಾಟ. ನಳದ ಕಾಲ ಬುಡದಲ್ಲೇ ಗಟಾರ, ಗಟಾರದಲ್ಲಿ ಏನು ಹರಿಯುತ್ತಿತ್ತೆಂದು ಬರೆಯುವುದು ಬೇಡ. ಒಂದು ಕೋಣೆಯಲ್ಲಿ ಏಳು ಜನ ಗಂಡಸರ ಜೊತೆ ಭೀಮಣ್ಣ ಮಲಗುತ್ತಿದ್ದ.

ಅವಳು ಒಳಗೆ ಕಾಲಿಡದೆ ಹೊಸ್ತಿಲಲ್ಲೇ ನಿಂತು ಕೇಳಿದಳು. “ಕಳ್ಳಿ ಸಾಕಾತಂತ ಓಡಿಬಂದ್ರಿ. ಇದೇನ ತುಳಸಿವನ ಏನ್ರಿ?”

ಭೀಮಣ್ಣ ನಕ್ಕ. ನಗುತ್ತಲೇ ಒಂದು ಸುದ್ದಿ ಹೇಳಿದ. ಅವನ ಪಕ್ಕದ ಮಗ್ಗದವನು ಭೀಮಾ ಹೊಳೆಯ ಆಚೆ ದಂಡೆಯವನಂತೆ. ಅವರ ಕಡೆ ಡಬಗಳ್ಳಿಗೆ ಎಂಥದೋ ಬಿಳಿ ಹುಳ ಬಿದ್ದಿದೆಯಂತೆ. ಹತ್ತಿ ಅಂಟಿಸಿದಂತೆ ಕಾಣುತ್ತದೆ, ಹಿಸುಕಿದರೆ ರಕ್ತ, ಅದು ಕೂತ ಕಳ್ಳಿ ಮೇಣದಂತೆ ಕರಗುತ್ತದೆ ಎನ್ನುತ್ತಾನೆ. ಇದನ್ನು ಭೀಮಣ್ಣ ಗಿರಣಿಯ ಹರಟೆ ಎಂದು ಹೇಳಿದ. ಅಕ್ಕನಾಗಮ್ಮ ಆ ಊರಿನ ಹೆಸರು ಕೇಳಿಕೊಂಡಳು. ಗಂಡನನ್ನು ಬಾ ಎಂದು ಮತ್ತೊಮ್ಮೆ ಕರೆಯಲಿಲ್ಲ.

ಬೇಸಿಗೆಯಲ್ಲಿ ಹೊಳೆ ಮೊಣಕಾಲುದ್ದ ಆದಾಗ ಬುಟ್ಟಿ ಹೊತ್ತು ದಾಟಿದಳು. ಹುಳ ಹಿಡಿದ ಎಲೆಗಳನ್ನು ಅಲ್ಲಿಯ ಜನ ಬೇಕಾದಷ್ಟು ಒಯ್ಯಿ ಎಂದರು. ತಲೆಯ ಮೇಲೆ ಹೊತ್ತು ಬರುವಾಗ ಬುಟ್ಟಿಯ ಸಂದಿನಿಂದ ಕೆಂಪು ರಸ ಒಸರಿ ಹಣೆ, ಕೆನ್ನೆ, ಕುಪ್ಪಸ ಎಲ್ಲ ತೊಯ್ದಿತ್ತು. ಅಂಟಂಟು. ಬೆರಳಿಂದ ಒರೆಸಿದರೆ ಹುಳದ ಚರ್ಮ ಬೆರಳಿಗೆ ಮೆತ್ತಿಕೊಳ್ಳುತ್ತಿತ್ತು. ಇರುವೆ ತುಳಿದರೂ ಶಿವಶಿವ ಎನ್ನುವ ಮನೆಯ ಹೆಣ್ಣು. ಹಲ್ಲು ಕಚ್ಚಿ ನಡೆದಳು. ಊರಬಾಗಿಲ ಅಗಸಿಯಲ್ಲಿ ಅವಳನ್ನು ಕಂಡ ಮಂದಿ ದಾರಿ ಬಿಟ್ಟು ಸರಿದರು. ಸೋನಾಬಾಯಿ ಮಗಳ ಕೈ ಮೂಸಿ, ಪೂಜೆಯ ಜಗುಲಿ ಮುಟ್ಟಬೇಡ ಎಂದಳು. ಆಮೇಲೆ, ದಾರಿ ಆಗುತ್ತದೆಯೇ, ಎಂದೂ ಕೇಳಿದಳು.

ಅವಳು ಹುಳದ ಎಲೆಗಳನ್ನು ತನ್ನ ಹೊಲದ ಕಳ್ಳಿಯ ಮೇಲೆ ಇಟ್ಟುಬಂದ ಸುದ್ದಿ ಊರಲ್ಲಿ ಹಬ್ಬಿತು. ಹುಳ ಜೋಳಕ್ಕೆ ಹತ್ತುತ್ತದೆ, ಮಕ್ಕಳ ಕಿವಿಗೆ ಹೋಗುತ್ತದೆ, ದೇವಿಯ ಮುನಿಸು, ಮಾಟ. ಶಾಂತಲಿಂಗಪ್ಪ ಚಾವಡಿಯಲ್ಲಿ ಹಿರಿಯರನ್ನು ಕೂಡಿಸಿ, ತಂಗಿ ತಿಳಿಯದೆ ಮಾಡಿದ್ದಾಳೆ, ಆ ಪೀಡೆಯನ್ನು ಸುಡಬೇಕು, ಎಂದ. ಎಲ್ಲರಿಗಿಂತ ಅವನಿಗೇ ಏಕೆ ಇಷ್ಟು ಉರಿ ಎಂದು ಅಕ್ಕನಾಗಮ್ಮನಿಗೆ ಆಗ ಹೊಳೆಯಲಿಲ್ಲ. ತನ್ನ ಹೊಲದಲ್ಲಿ ತಾನು ಇಟ್ಟದ್ದು, ಯಾರಪ್ಪನ ಗಂಟೂ ಅಲ್ಲ, ಎಂದು ಹೇಳಿ ಎದ್ದುಬಂದಳು. ಮರುವಾರ ನೋಡಿದರೆ ಅವಳು ಇಟ್ಟ ಎಲೆಗಳನ್ನೆಲ್ಲ ಯಾರೋ ಬಡಿಗೆಯಿಂದ ಜಜ್ಜಿ ಹೂತುಹಾಕಿದ್ದರು. ಆದರೆ ಅಷ್ಟರಲ್ಲಿ ಹುಳ ಹಬ್ಬಿಯಾಗಿತ್ತು. ಗಾಳಿಗೆ ಹಾರಿ, ಆಡಿನ ಮೈಗೆ ಅಂಟಿ, ಬದುವಿನಿಂದ ಬದುವಿಗೆ ಬಿಳಿ ಚುಕ್ಕೆ ಮೂಡಿತ್ತು. ಮಳೆಗಾಲದಲ್ಲಿ ಕೊಚ್ಚಿಹೋಯಿತು ಎಂದುಕೊಂಡರು. ಮುಂದಿನ ಬೇಸಿಗೆಗೆ ಕಳ್ಳಿಯೆಲ್ಲ ಬೆಳ್ಳಗೆ ಕುಷ್ಠ ಹಿಡಿದಂತೆ ನಿಂತಿತು. ಅದರ ಮುಂದಿನ ಬೇಸಿಗೆಗೆ ಕುಸಿಯಿತು.

ಕಳ್ಳಿ ಕೊಳೆಯುವ ನಾತ ಬಲ್ಲವರೇ ಬಲ್ಲರು. ಹುಳಿತ ಅಂಬಲಿ, ಸತ್ತ ಎಮ್ಮೆ, ಎರಡನ್ನೂ ಕೂಡಿಸಿದಂತೆ. ಎಲೆಗಳು ಕಪ್ಪು ತೊಗಲಾಗಿ ನೆಲಕ್ಕೆ ಜೋತುಬಿದ್ದವು, ಒಳಗಿನ ಲೋಳೆ ಹರಿದು ಹಳ್ಳ ಸೇರಿತು. ಮರೆ ಹೋಯಿತು. ಮರೆ ಹೋದ ಮೇಲೆ ಊರು ತಾನು ಇಷ್ಟು ವರ್ಷ ಏನು ಮಾಡಿದ್ದೇನೆಂದು ಕಣ್ಣಾರೆ ನೋಡಿತು. ಒಡೆದ ಚೊಂಬು, ನಾಯಿಯ ಎಲುಬು, ಹಾವಿನ ಪೊರೆ, ಹೆಂಗಸರು ಕದ್ದುಮುಚ್ಚಿ ಎಸೆದ ಅರಿವೆ, ಉಳಿದದ್ದೆಲ್ಲ ಅದೇ. ಹಂದಿಗಳು ಸಹ ಬಿಸಿಲಿಗೆ ನಾಚಿದಂತೆ ಅತ್ತ ಬರಲಿಲ್ಲ.

ಅಕ್ಕನಾಗಮ್ಮ ಮೂಗಿಗೆ ಅರಿವೆ ಕಟ್ಟಿಕೊಂಡು, ಕವೆಗೋಲಿನಿಂದ ಕೊಳೆತದ್ದನ್ನು ಸರಿಸುತ್ತ, ದಿನಕ್ಕೆ ಒಂದಿಷ್ಟರಂತೆ ಬೇವಿನ ಮರದ ಕಡೆಗೆ ನಡೆದಳು. ಸೋನಾಬಾಯಿ ಆಗಲೇ ಅನ್ನ ಬಿಟ್ಟು ಹಾಲಿನ ಮೇಲೆ ಇದ್ದಳು. ಕಟ್ಟೆ ಕಂಡ ದಿನ ಮಗಳು ಮೊದಲು ನೋಡಿದ್ದು ಅದರ ಮೇಲ್ಗಲ್ಲನ್ನು. ಕಲ್ಲಿನ ನಡುವೆ ಎರಡು ಪಾದದ ಜಾಗ ಮಾತ್ರ ಸವೆದು ನುಣ್ಣಗೆ ಹೊಳೆಯುತ್ತಿತ್ತು. ಅವುಗಳ ಹಿಂದೆ, ಕಟ್ಟೆಯ ಅಂಚಿಗೆ, ವರ್ಷಗಳಿಂದ ಬಿದ್ದದ್ದು ಒಣಗಿ ಗಟ್ಟಿಯಾಗಿತ್ತು. ಹಸಿ ನೆಲ ಬೇಡವೆಂದು ಕಟ್ಟೆ ಏರಿ ಕುಳಿತವರ ಜಾಗ ಅದು.

ಕಟ್ಟೆಯಿಂದ ಒಂದು ಕಾಲುದಾರಿ ಹೊರಟಿತ್ತು. ಚಕ್ಕಡಿ ಹೋಗದು, ಆದರೆ ಚೊಂಬು ಹಿಡಿದವನು ಮುಳ್ಳು ತಾಗದೆ ಹಾಯಾಗಿ ಬರುವಷ್ಟು ಅಗಲ. ಹುಲ್ಲು ಹುಟ್ಟದಂತೆ ತುಳಿದು ತುಳಿದು ನೆಲ ಅಂಗಳದಂತಾಗಿತ್ತು. ಅಕ್ಕನಾಗಮ್ಮ ಅದರ ಜಾಡು ಹಿಡಿದು ನಡೆದಳು. ದಾರಿ ಬದು ದಾಟಿ, ಶಾಂತಲಿಂಗಪ್ಪನ ಮೆಂತ್ಯದ ಮಡಿಯ ಪಕ್ಕದಲ್ಲಿ ಹಾದು, ಅವನ ಹೊಲದ ಗುಡಿಸಲ ಹಿಂಬಾಗಿಲಿಗೆ ಮುಗಿಯಿತು. ಬಾಗಿಲ ಪಕ್ಕದಲ್ಲಿ ನಾಲ್ಕೈದು ಚೊಂಬು ಬೋರಲು ಹಾಕಿದ್ದವು. ಒಳಗಿದ್ದ ಶಾಂತಲಿಂಗಪ್ಪನಿಗೆ ಹೆಜ್ಜೆಯ ಸಪ್ಪಳ ಕೇಳಿಸಿರಬೇಕು, ಕೆಮ್ಮಿದ. ಎಳ್ಳ ಅಮಾವಾಸ್ಯೆಯ ದಿನದ ಕೆಮ್ಮು ಯಾರದೆಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಅವನೂ ಹೊರಗೆ ಬರಲಿಲ್ಲ, ಅವಳೂ ಕರೆಯಲಿಲ್ಲ. ಅವನ ಅಂಗಳದಲ್ಲಿ ಒಮ್ಮೆ ಉಗುಳಿ ತಿರುಗಿ ಬಂದಳು.

ಮನೆಗೆ ಬಂದಾಗ ತಾಯಿ ಕೇಳಿದ್ದು ಅದೇ ಮಾತು, ಈಗ ಉಸಿರಿನಲ್ಲಿ. ಆಯಿತು ಎಂದು ಮಾತ್ರ ಹೇಳಿದಳು ಅಕ್ಕನಾಗಮ್ಮ. ದಾರಿ ಯಾವಾಗಿನಿಂದ ಇತ್ತು ಎಂಬುದನ್ನು ಹೇಳಲಿಲ್ಲ. ಮರುದಿನದಿಂದ ಹಳ್ಳದ ನೀರು ಹೊತ್ತು, ಬೂದಿ ಹಾಕಿ, ತೆಂಗಿನ ನಾರಿನಿಂದ ಕಲ್ಲು ತಿಕ್ಕತೊಡಗಿದಳು. ಕಬ್ಬಿಣದ ಸಲಾಕೆಯಿಂದ ಅಂಚು ಕೆರೆದಳು. ಕೂಲಿಗೆ ಆಳು ಕರೆಯಲಿಲ್ಲ. ಉಗುರಿನ ಸಂದಿಯಲ್ಲಿ ಸೇರಿದ್ದು ಎಷ್ಟು ತೊಳೆದರೂ ಹೋಗದೆ, ಎಡಗೈಯಲ್ಲೂ ಉಣ್ಣಲಾಗದೆ, ಎಷ್ಟೋ ದಿನ ಬರೀ ಮಜ್ಜಿಗೆ ಕುಡಿದು ಮಲಗಿದಳು.

ವೈಶಾಖದ ಒಂದು ಮಧ್ಯಾಹ್ನ ಸೋನಾಬಾಯಿ ತೀರಿಕೊಂಡಳು. ಸುದ್ದಿ ಮುಟ್ಟಿ ಭೀಮಣ್ಣ ಸೊಲ್ಲಾಪುರದಿಂದ ಸಿಕ್ಕ ಗಾಡಿಗೆ ಬಂದ. ಹೆಂಡತಿಯ ಕೈ ನೋಡಿದವನೇ ಅಂಗಿ ಕಳಚಿಟ್ಟು ಗುದ್ದಲಿ ಹಿಡಿದ. ಮರುದಿನ ಬೆಳಿಗ್ಗೆ ಇಬ್ಬರೂ ಬೇವಿನ ಬುಡದಲ್ಲಿ ಕುಣಿ ತೋಡುತ್ತಿರುವಾಗ ಶಾಂತಲಿಂಗಪ್ಪ ಬಂದ. ಮನೆಯ ಗಂಡುಮಕ್ಕಳು, ಓಣಿಯ ಐದಾರು ಜನ, ಗುದ್ದಲಿ, ಬುಟ್ಟಿ, ನೀರಿನ ಕೊಡ, ಹೂವಿನ ಹಾರ, ಎಲ್ಲ ಸಜ್ಜು. ಬಂದದ್ದು ಆ ಕಾಲುದಾರಿಯಿಂದಲೇ. ಬಹುಶಃ ಅದು ಅವನ ಗಮನಕ್ಕೂ ಬಂದಿರಲಿಲ್ಲ, ಕಾಲಿಗೆ ಅಷ್ಟು ರೂಢಿ.

“ತಂಗೀ, ನೀ ಮ್ಯಾಲ ಬಾ. ಹೆಣ್ಣಮಕ್ಕಳ ಕೆಲಸಲ್ಲ ಇದು. ದೊಡ್ಡವ್ವಗ ಹೆಗಲು ಕೊಡೂದು ನಮ್ಮ ಹಕ್ಕು. ಈ ಹೊಲಸೆಲ್ಲ ನಾವು ಬಳದು ತೆಗೀತೀವಿ. ಆದದ್ದಾತು, ಮನಸಿನಾಗ ಇಟ್ಕೋಬ್ಯಾಡ.”

ಜೊತೆಗೆ ಬಂದವರು ನೆಲ ನೋಡುತ್ತ ನಿಂತಿದ್ದರು. ಒಬ್ಬ ಕುಣಿಗೆ ಇಳಿಯಲು ಕಾಲು ಮುಂದಿಟ್ಟ. ಅಕ್ಕನಾಗಮ್ಮ ಸೊಂಟದುದ್ದದ ಕುಣಿಯೊಳಗೆ ನಿಂತಲ್ಲಿಂದಲೇ ಸಲಾಕೆಯನ್ನು ಅಡ್ಡ ಹಿಡಿದಳು.

“ಅಲ್ಲೇ ನಿಂದರ್ರಿ. ಈ ಮಣ್ಣಿಗೆ ನಿಮ್ಮ ಕೈ ಹತ್ತಬಾರದು. ನಿಮ್ಮ ದೊಡ್ಡಪ್ಪನ ತಲಿಮ್ಯಾಲ ಇಷ್ಟು ವರ್ಷ ಕುಂತೀರಿ, ಹೊರಗ ನಾ ದಾರಿ ದಾರಿ ಅಂತ ಬಡಕೊಂಡಾಗ ಲಿಂಗಾ ಮುಟ್ಟಿ ಇಲ್ಲಂದ್ರಿ. ಈಗ ಹಾರ ತಂದೀರಿ. ನಿಮ್ಮ ಹಾರ ಬ್ಯಾಡ, ಹೆಗಲು ಬ್ಯಾಡ, ನೀರೂ ಬ್ಯಾಡ. ಹೊಲಸು ಎಷ್ಟು ಉಳದದ ಅಷ್ಟೂ ನಾನಽ ಬಳೀತೀನಿ. ಅವ್ವನ್ನ ಹೊತ್ತು ತರಾಕ ನಾವಿಬ್ಬರದೀವಿ, ಭಾರ ಆದ್ರ ನಡುನಡುವ ಇಳಿಸಿ ತರ್ತೀವಿ. ನೀವು ಬಂದ ದಾರೀಲೆ ಹೋಗ್ರಿ, ಶಾಂತಲಿಂಗಪ್ಪಣ್ಣ. ಅದು ನಿಮಗ ಚಲೋ ಗೊತ್ತದ.”